ತವರಿಗೆ ಹೊರಟಾಗ ಮಾತ್ರೆಯೂ ಜೊತೆಗಿರಲಿ

ಎಚ್‌ಐವಿ ಇರುವ ಹೆಣ್ಣುಮಗಳು ಬಸುರಿಯಾದರೆ ಮಗುವಿಗೂ ಸೋಂಕು ಕಟ್ಟಿಟ್ಟ ಬುತ್ತಿ ಎಂದು ನಂಬಿದವರು ಇವತ್ತಿಗೂ ಇದ್ದಾರೆ. ಅದು ಸುಳ್ಳು. ಚಿಕಿತ್ಸೆಯೇ ಇಲ್ಲದಿದ್ದರೆ ನೂರರಲ್ಲಿ 15ರಿಂದ 45 ಮಕ್ಕಳಿಗೆ ಸೋಂಕು ತಗಲಬಹುದು. ಚಿಕಿತ್ಸೆ ಸರಿಯಾಗಿ ನಡೆದರೆ 5ಕ್ಕಿಂತ ಕಡಿಮೆ. ನೆರೆಯ ಶ್ರೀಲಂಕಾ ತಾಯಿಯಿಂದ ಮಗುವಿಗೆ ಎಚ್‌ಐವಿ ದಾಟುವುದನ್ನು ತೊಡೆದುಹಾಕಿದ್ದನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಮಾನ್ಯ ಮಾಡಿತು.

ಸೋಂಕು ಗರ್ಭದಲ್ಲಿ ದಾಟಬಹುದು, ಹೆರಿಗೆಯಲ್ಲಿ ದಾಟಬಹುದು, ಎದೆಹಾಲಿನಿಂದಲೂ ದಾಟಬಹುದು. ತಾಯಿಯ ರಕ್ತದಲ್ಲಿ ವೈರಾಣು ಕಡಿಮೆಯಾದಷ್ಟೂ ಅಪಾಯ ಕಡಿಮೆ. ಅದಕ್ಕೇ ತಾಯಿ ಕಾರ್ಡ್ ಮಾಡಿಸುವ ಹೊತ್ತಿಗೇ ಎಚ್‌ಐವಿ ಪರೀಕ್ಷೆಯೂ ಆಗಿಬಿಡಬೇಕು. ಸೋಂಕಿದ್ದರೆ ಎಚ್‌ಐವಿ ಚಿಕಿತ್ಸೆ ಕೊಡುವ ಸರ್ಕಾರಿ ಎಆರ್‌ಟಿ ಕೇಂದ್ರದಲ್ಲಿ ಮಾತ್ರೆ ಉಚಿತ. ಸಾಮಾನ್ಯವಾಗಿ ಮೂರು ಔಷಧ ಸೇರಿದ ಒಂದೇ ಮಾತ್ರೆ, ದಿನಕ್ಕೊಂದು. ಹೆರಿಗೆಯಾಯಿತೆಂದು ಬಿಡುವಂತಿಲ್ಲ, ಜೀವನಪೂರ್ತಿ ನುಂಗಬೇಕು.

ನನಗೆ ಕಳವಳ ಇರುವುದು ತವರುಮನೆಯ ದಿನಗಳ ಬಗ್ಗೆ. ಸೀಮಂತ ಮುಗಿಸಿ ಮಗಳು ತವರಿಗೆ ಬರುತ್ತಾಳೆ. ಗಂಡನಿಗಷ್ಟೇ ಗೊತ್ತಿರುವ ವಿಷಯ ಅಲ್ಲಿ ಯಾರಿಗೂ ಗೊತ್ತಿಲ್ಲ. "ದಿನಾ ರಾತ್ರಿ ಅದೇನು ಮಾತ್ರೆ ನುಂಗ್ತೀಯೇ?" ಎಂದು ಅತ್ತಿಗೆ ಕೇಳುತ್ತಾಳೆ. ಮರುದಿನ ಡಬ್ಬಿ ಟ್ರಂಕಿನಲ್ಲಿ ಸೀರೆಗಳ ಅಡಿಗೆ ಸೇರುತ್ತದೆ. ಒಂದು ದಿನ ತಪ್ಪುತ್ತದೆ, ಆಮೇಲೆ ನಾಲ್ಕು ದಿನ. ವೈರಾಣು ಮತ್ತೆ ಹೆಚ್ಚುವುದು ಹೀಗೆ, ಅದೂ ಹೆರಿಗೆ ಹತ್ತಿರವಿರುವಾಗ. ತಾಯಂದಿರೇ, ಹೊರಡುವ ಮೊದಲೇ ಕೇಂದ್ರದ ಆಪ್ತಸಮಾಲೋಚಕರಿಗೆ ತಿಳಿಸಿ. ತವರಿನ ಹತ್ತಿರದ ಕೇಂದ್ರದಲ್ಲಿ ಮಾತ್ರೆ ಸಿಗುವ ಏರ್ಪಾಡಿಗೆ ದಾರಿಯಿದೆ. ನಿಮ್ಮ ಗುಟ್ಟನ್ನು ಕಾಪಾಡಲು 2017ರ ಎಚ್‌ಐವಿ ಕಾಯ್ದೆಯೂ ಇದೆ.

ಮಗು ಹುಟ್ಟಿದ ಕೂಡಲೇ ಅದಕ್ಕೂ ಔಷಧದ ಸಿರಪ್ ಶುರುವಾಗುತ್ತದೆ, ಕನಿಷ್ಠ 6 ವಾರ. ತಾಯಿ ಮಾತ್ರೆ ತಪ್ಪಿಸದೆ ಎದೆಹಾಲು ಕೊಡಬಹುದು. ಆದರೆ ಮೊದಲ 6 ತಿಂಗಳು ಬರೀ ಎದೆಹಾಲು. ಜೇನುತುಪ್ಪ ನೆಕ್ಕಿಸುವುದು, ಸಕ್ಕರೆನೀರು, ಮಧ್ಯೆ ಹಸುವಿನ ಹಾಲು ಬೇಡ. ಎಳೆಗರುಳಿನ ಒಳಪದರ ಇವುಗಳಿಂದ ಘಾಸಿಗೊಂಡರೆ ವೈರಾಣು ಒಳನುಗ್ಗುವುದು ಸುಲಭ. ಅಜ್ಜಿಯರು ಪ್ರೀತಿಯಿಂದಲೇ ಕೊಡುತ್ತಾರೆ; ಅದಕ್ಕೇ ಅವರಿಗೆ ಮೊದಲೇ ಹೇಳಿಡಬೇಕು. 'ಡಾಕ್ಟರು ಬೇಡ ಅಂದಿದ್ದಾರೆ' ಎಂದರೆ ಸಾಕು, ಕಾರಣ ಹೇಳಬೇಕಿಲ್ಲ.

6 ವಾರಕ್ಕೆ ಮಗುವಿನ ಹಿಮ್ಮಡಿ ಚುಚ್ಚಿ, ರಕ್ತದ ಹನಿಗಳನ್ನು ಕಾರ್ಡಿನ ಮೇಲೆ ಒಣಗಿಸಿ ಪರೀಕ್ಷೆಗೆ ಕಳಿಸುತ್ತಾರೆ. ಸೋಂಕಿಲ್ಲವೆಂದು ಬಂದರೂ ಹಾಲೂಡಿಸುವಷ್ಟು ಕಾಲ ಪರೀಕ್ಷೆಗಳು ಮುಂದುವರಿಯುತ್ತವೆ. ತಾಯಿಯಿಂದ ಬಂದ ಪ್ರತಿಕಾಯಗಳು ಮಗುವಿನ ಮೈಯಲ್ಲಿ 18 ತಿಂಗಳವರೆಗೂ ಉಳಿಯಬಲ್ಲವು. ಹಾಗಾಗಿ ಅದಕ್ಕೆ ಮೊದಲು ಪ್ರತಿಕಾಯ ಹುಡುಕುವ ಸಾಮಾನ್ಯ ಪರೀಕ್ಷೆಯಲ್ಲಿ ಪಾಸಿಟಿವ್ ಎಂದು ಕಂಡರೆ ಎದೆಗುಂದಬೇಡಿ. ಏನೇ ಅನುಮಾನ ಬಂದರೂ 1097ಕ್ಕೆ ಕರೆ ಮಾಡಿ, ಕರೆಗೆ ದುಡ್ಡಿಲ್ಲ.