ಹಳೆಯ ಲ್ಯಾಪ್‌ಟಾಪ್ ನಿಧಾನವಾದಾಗ
(ಸುಗಟೂರಿನಲ್ಲಿ ನಡೆದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಕಂಪ್ಯೂಟರ್ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಪದಾಧಿಕಾರಿಗಳು ಕೇಳಿದ್ದಾರೆ. ದೊಡ್ಡ ವಿಚಾರ ಬೇಡ. ನಮ್ಮ ಊರಿನಲ್ಲೇ ನಡೆದ, ನಾನೇ ಎಡವಿದ ಒಂದು ಸಂಗತಿಯನ್ನು ತಮ್ಮ ಮುಂದಿಡುತ್ತೇನೆ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ಹೊಸದು ಕೊಳ್ಳಲಾಗದವರು ಹಳೆಯ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಿಸಿಕೊಳ್ಳಲು ನನ್ನ ಬಳಿ ಬಂದರು. ಅವರಲ್ಲಿ ಬಿ.ಕಾಂ. ಕೊನೆಯ ವರ್ಷದ ಒಬ್ಬ ಹುಡುಗಿಯೂ ಇದ್ದಳು. ತಂದೆ ಕೋಲಾರದ ಟೊಮೇಟೊ ಮಂಡಿಯಲ್ಲಿ ದುಡಿಯುವವರು. ಲ್ಯಾಪ್‌ಟಾಪ್ ಸೆಕೆಂಡ್ ಹ್ಯಾಂಡ್, 4 ಜಿ.ಬಿ. ರ್‍ಯಾಮ್, ಒಳಗೆ ತಿರುಗುವ ಹಾರ್ಡ್ ಡಿಸ್ಕ್. ಕೆಲವು ತಿಂಗಳು ಚೆನ್ನಾಗಿ ನಡೆಯಿತು. ಆಮೇಲೆ ಒಂದು ದಿನ ಬಂದು, "ಮಾಮೂ, ಒಂದು ಫೈಲ್ ತೆರೆಯುವಷ್ಟರಲ್ಲಿ ಅಮ್ಮಿ ಚಹಾ ಮಾಡಿ ಮುಗಿಸುತ್ತಾರೆ" ಎಂದಳು.

ನಾನು ನೋಡದೆಯೇ ತೀರ್ಪು ಕೊಟ್ಟೆ: ರ್‍ಯಾಮ್ ಸಾಲದು. ಭಾರವಾದ ಗ್ನೋಮ್ ಡೆಸ್ಕ್‌ಟಾಪ್ ತೆಗೆದು ಹಗುರವಾದ ಎಕ್ಸ್‌ಎಫ್‌ಸಿಇ ಹಾಕಿದೆ. ಫ್ಯಾನಿನ ಧೂಳನ್ನೂ ಊದಿದೆ. ಬಿಸಿ ಹೆಚ್ಚಾದರೆ ಪ್ರೊಸೆಸರ್ ತಾನಾಗಿಯೇ ವೇಗ ತಗ್ಗಿಸಿಕೊಳ್ಳುತ್ತದೆ. ಎರಡು ದಿನ ಸರಿಯಾಯಿತು, ಮೂರನೆಯ ದಿನ ಮತ್ತೆ ಅದೇ ಕಥೆ.

ಆಗ ಮೊದಲೇ ಮಾಡಬೇಕಿದ್ದ ಕೆಲಸ ಮಾಡಿದೆ. ಟರ್ಮಿನಲ್ ತೆರೆದು 'ಫ್ರೀ' ಎಂಬ ಆದೇಶ ಕೊಟ್ಟೆ. ಇಲ್ಲಿ ಅನೇಕರು ಮೋಸ ಹೋಗುತ್ತಾರೆ. 'ಫ್ರೀ' ಎಂಬ ಕಾಲಮ್ಮಿನಲ್ಲಿ ಅಂಕಿ ಕಡಿಮೆ ಇದ್ದರೆ ಹೆದರಬೇಕಿಲ್ಲ. ಖಾಲಿ ಇರುವ ರ್‍ಯಾಮನ್ನು ಲಿನಕ್ಸ್ ಫೈಲುಗಳ ನಕಲು ಇಡಲು ಬಳಸಿಕೊಂಡು, ಬೇಕಾದಾಗ ಬಿಟ್ಟುಕೊಡುತ್ತದೆ. ನೋಡಬೇಕಾದ್ದು 'ಅವೈಲಬಲ್' ಕಾಲಮ್ಮು. ಅದರಲ್ಲಿ ಅರ್ಧಕ್ಕಿಂತ ಹೆಚ್ಚೇ ಉಳಿದಿತ್ತು. ಸ್ವಾಪ್ ಕೂಡ ಬಳಕೆಯಾಗಿರಲಿಲ್ಲ. ಅಂದರೆ ನನ್ನ ತೀರ್ಪು ತಪ್ಪು.

ಮುಂದೆ 'ಟಾಪ್' ಆದೇಶ. ಅದರ ಮೇಲ್ಭಾಗದ ಸಾಲಿನಲ್ಲಿ 'ಡಬ್ಲ್ಯೂ ಎ' ಎಂಬ ಎರಡಕ್ಷರದ ಅಂಕಿಯೊಂದು ಇರುತ್ತದೆ. ಪ್ರೊಸೆಸರ್ ಕೆಲಸವಿಲ್ಲದೆ ಡಿಸ್ಕಿನ ಉತ್ತರಕ್ಕಾಗಿ ಎಷ್ಟು ಹೊತ್ತು ಕಾಯುತ್ತಿದೆ ಎಂಬುದನ್ನು ಅದು ತಿಳಿಸುತ್ತದೆ. ಅದು ತೀರ ಹೆಚ್ಚಿತ್ತು. 'ಸ್ಮಾರ್ಟ್‌ಸಿಟಿಎಲ್' ಎಂಬ ಸಾಧನದಿಂದ ಡಿಸ್ಕನ್ನೇ ಕೇಳಿದೆ. ಮೇಲೆ 'ಪಾಸ್ಡ್' ಎಂದು ಬಂತು. ಪಾಸಾಗಿದೆ ಎಂದು ಅಂಕಪಟ್ಟಿ ನೋಡದೆ ಬಿಡುವ ತಂದೆತಾಯಿ ನಮ್ಮಲ್ಲಿ ಇಲ್ಲವಷ್ಟೆ! ಕೆಳಗಿನ ಪಟ್ಟಿಯಲ್ಲಿ 'ಕರೆಂಟ್ ಪೆಂಡಿಂಗ್ ಸೆಕ್ಟರ್' ಎಂಬ ಸಾಲಿನ ಕೊನೆಯ ಅಂಕಿ ಸೊನ್ನೆ ಇರಬೇಕಿತ್ತು, ಇರಲಿಲ್ಲ. ಡಿಸ್ಕಿನ ಕೆಲವು ಜಾಗಗಳು ಓದಲು ಬಾರದಂತಾಗಿದ್ದವು. ಅಂಥ ಜಾಗ ಸಿಕ್ಕಾಗ ಡಿಸ್ಕ್ ಮತ್ತೆ ಮತ್ತೆ ಪ್ರಯತ್ನಿಸುತ್ತದೆ, ಆ ಫೈಲ್ ಬೇಕಾದ ಪ್ರೋಗ್ರಾಂ ಅಲ್ಲಿಯವರೆಗೆ ಕಾಯುತ್ತದೆ.

ನನಗೆ ಎದೆ ಧಸಕ್ಕೆಂದಿತು. ಆ ಹುಡುಗಿಯ ಪ್ರಾಜೆಕ್ಟ್ ವರದಿ, ಮೂರು ವರ್ಷದ ನೋಟ್ಸ್, ವಿದ್ಯಾರ್ಥಿವೇತನಕ್ಕಾಗಿ ಸ್ಕ್ಯಾನ್ ಮಾಡಿದ ಆದಾಯ ಮತ್ತು ಜಾತಿ ಪ್ರಮಾಣಪತ್ರಗಳು ಎಲ್ಲವೂ ಅದೊಂದರಲ್ಲೇ ಇದ್ದವು. ಬೇರೆಲ್ಲೂ ನಕಲಿರಲಿಲ್ಲ. ಸಾಯುತ್ತಿದ್ದ ಡಿಸ್ಕಿನ ಮೇಲೆ ನಾನು ಹೊಸ ಡೆಸ್ಕ್‌ಟಾಪ್ ಹಾಕುತ್ತಾ ಕುಳಿತಿದ್ದೆ! ಸಿಸ್ಟಮನ್ನು ಪೂರ್ತಿ ಮರುಸ್ಥಾಪಿಸುವ ಯೋಚನೆಯೂ ಇತ್ತೆಂದು ಒಪ್ಪಿಕೊಳ್ಳುತ್ತೇನೆ.

ತಕ್ಷಣ ಯಂತ್ರ ಆರಿಸಿದೆ. ಲಿನಕ್ಸ್ ಇದ್ದ ಪೆನ್‌ಡ್ರೈವ್‌ನಿಂದ ಚಾಲೂ ಮಾಡಿ, 'ಡಿಡಿರೆಸ್ಕ್ಯೂ' ಬಳಸಿ ಇಡೀ ಡಿಸ್ಕನ್ನು ಹೊರಗಿನ ಡ್ರೈವ್‌ಗೆ ನಕಲು ಮಾಡಿದೆ. ಅದು ಸುಲಭವಾಗಿ ಓದಬಲ್ಲ ಭಾಗವನ್ನು ಮೊದಲು ತೆಗೆದುಕೊಂಡು, ಹಾಳಾದ ಜಾಗಗಳನ್ನು ಕೊನೆಗೆ ಬಿಡುತ್ತದೆ. ನಡುವೆ ಕರೆಂಟ್ ಹೋದರೂ ನಿಂತಲ್ಲಿಂದ ಮುಂದುವರಿಯುತ್ತದೆ. ಅಂದು ಕರೆಂಟ್ ಎರಡು ಸಲ ಹೋಯಿತು. ರಾತ್ರಿಯೆಲ್ಲಾ ನಡೆದು ಬೆಳಗಿನ ಹೊತ್ತಿಗೆ ಮುಗಿಯಿತು. ಎರಡು ಫೋಟೋಗಳು ಮಾತ್ರ ಹೋದವು, ಪ್ರಾಜೆಕ್ಟ್ ಉಳಿಯಿತು.

ಹಳೆಯ ಡಿಸ್ಕಿನ ಜಾಗಕ್ಕೆ ಒಂದು ಸಣ್ಣ ಎಸ್‌ಎಸ್‌ಡಿ ಹಾಕಿದೆವು. ರ್‍ಯಾಮ್ ಅದೇ 4 ಜಿ.ಬಿ. ಈಗ ಫೈಲ್ ತೆರೆಯುವಷ್ಟರಲ್ಲಿ ಅಮ್ಮಿ ಒಲೆ ಹಚ್ಚುವುದೂ ಆಗುವುದಿಲ್ಲವಂತೆ.

ತಮ್ಮ ಮನೆಯಲ್ಲೂ ಇಂಥ ಲ್ಯಾಪ್‌ಟಾಪ್ ಇದ್ದರೆ ಭಾನುವಾರ ಬೆಳಿಗ್ಗೆ ಸಂಘದ ಕಚೇರಿಗೆ ತನ್ನಿ, ಒಟ್ಟಿಗೆ ನೋಡೋಣ. ಬರುವ ಮುಂಚೆ ಮುಖ್ಯವಾದ ಫೈಲುಗಳನ್ನು ಒಂದು ಪೆನ್‌ಡ್ರೈವ್‌ಗೆ ಹಾಕಿಕೊಂಡು, ಆ ಪೆನ್‌ಡ್ರೈವನ್ನು ಮನೆಯಲ್ಲೇ ಬಿಟ್ಟು ಬನ್ನಿ.