ಆತಂಕಕ್ಕೆ ಅಶ್ವಗಂಧ: ಔಷಧವೋ ಆಹಾರವೋ

ಔಷಧದಂಗಡಿಯಲ್ಲಿ, ಮೊಬೈಲಿನ ಮಾರುಕಟ್ಟೆಯಲ್ಲಿ ಸಿಗುವ ಅಶ್ವಗಂಧದ ಎಷ್ಟೋ ಡಬ್ಬಿಗಳಿಗೆ ಎರಡು ಮುಖ. ಮುಂದೆ, ಒತ್ತಡ ಇಳಿಯುತ್ತದೆ, ಮನಸ್ಸು ತಿಳಿಯಾಗುತ್ತದೆ, ನಿದ್ದೆ ಬರುತ್ತದೆ ಎಂಬ ಭರವಸೆ. ಹಿಂದೆ, ಸಣ್ಣ ಅಕ್ಷರದಲ್ಲಿ, ಇದು ಔಷಧೀಯ ಬಳಕೆಗಲ್ಲ ಎಂಬ ಒಕ್ಕಣೆ. ಈ ಒಕ್ಕಣೆ ತಯಾರಕರ ವಿನಯದಿಂದ ಬಂದದ್ದಲ್ಲ. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2016ರ ನಿಯಮಗಳ ಪ್ರಕಾರ ಪೂರಕವೆಂದು ಮಾರುವ ಪದಾರ್ಥದ ಮೇಲೆ ಅದನ್ನು ಅಚ್ಚು ಹಾಕಲೇಬೇಕು. ಕೊಳ್ಳುವವರು ಮುಂದಿನದನ್ನು ಓದಿ ಕೊಳ್ಳುತ್ತಾರೆ, ತಕರಾರು ಬಂದಾಗ ಮಾರಿದವರು ಹಿಂದಿನದನ್ನು ತೋರಿಸುತ್ತಾರೆ. ಇಂದು ನಾನು ಮಂಡಿಸಲಿರುವ ವಾದ ಇಷ್ಟೇ: ಆತಂಕ ಕಳೆಯಲೆಂದು ನುಂಗುವುದು ಬೇರಾಗಲಿ, ಎಣ್ಣೆಯಾಗಲಿ, ವಿಟಮಿನ್ ಆಗಲಿ, ಅದನ್ನು ಔಷಧವೆಂದೇ ತೂಗಿ ನೋಡಬೇಕು. ಮಿದುಳಿನ ಮೇಲೆ ಪರಿಣಾಮ ಮಾಡುವಷ್ಟು ಶಕ್ತಿ ಅದಕ್ಕಿದ್ದರೆ ಕೇಡು ಮಾಡುವ ಶಕ್ತಿಯೂ ಇರುತ್ತದೆ. ಅಂಥ ಶಕ್ತಿಯೇ ಇಲ್ಲವೆಂದರೆ ಕೊಟ್ಟ ದುಡ್ಡು ದಂಡ. ಗುಣವನ್ನಷ್ಟೇ ಮಾಡಿ ಕೇಡನ್ನು ಎಂದೂ ಮಾಡದ ಮೂರನೆಯ ಜಾತಿಯೊಂದನ್ನು ಮಾರುಕಟ್ಟೆ ಹುಟ್ಟುಹಾಕಿದೆ. ಅಂಥದೊಂದು ಜಾತಿ ದೇಹದ ಲೆಕ್ಕದಲ್ಲಿಲ್ಲ.

ಗಿಡಮೂಲಿಕೆಯೆಂದರೆ ಬರೀ ನಂಬಿಕೆ ಎಂದು ಮೂಗು ಮುರಿಯುವವರಿಗೆ ಸರ್ಪಗಂಧದ ಚರಿತ್ರೆ ಸಾಕು. 1931ರಲ್ಲಿ ವೈದ್ಯರಾದ ಗಣನಾಥ ಸೇನ್ ಮತ್ತು ಕಾರ್ತಿಕ ಚಂದ್ರ ಬೋಸ್ ಈ ಬೇರನ್ನು ಉನ್ಮಾದಕ್ಕೂ ರಕ್ತದೊತ್ತಡಕ್ಕೂ ಬಳಸಿದ್ದನ್ನು ಬರೆದರು. 1949ರಲ್ಲಿ ಮುಂಬಯಿಯ ವೈದ್ಯ ರುಸ್ತುಂ ಜಾಲ್ ವಕೀಲ್ ಅದರ ಬಗ್ಗೆ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಪ್ರಕಟಿಸಿದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ವಿಜ್ಞಾನಿಗಳು ಅದರಿಂದ ರಿಸರ್ಪಿನ್ ಎಂಬ ಸತ್ವವನ್ನು ಬೇರ್ಪಡಿಸಿದರು. ಕೆಲವೇ ವರ್ಷಗಳಲ್ಲಿ ಅದು ಜಗತ್ತಿನ ಮನೋರೋಗ ಆಸ್ಪತ್ರೆಗಳನ್ನು ಹೊಕ್ಕಿತು. ರಕ್ತದೊತ್ತಡಕ್ಕೆಂದು ಅದನ್ನು ಸೇವಿಸುತ್ತಿದ್ದವರಲ್ಲಿ ಕೆಲವರು ಖಿನ್ನತೆಗೆ ಜಾರಿದರೆಂಬ ವರದಿಗಳೂ ಬೆನ್ನಿಗೇ ಬಂದವು. ಆ ಗುಣವೂ ಈ ಅನುಮಾನವೂ ಬೆಳಕಿಗೆ ಬಂದದ್ದು ವೈದ್ಯರು ಪ್ರಮಾಣ ಗೊತ್ತುಮಾಡಿ, ಕೊಟ್ಟು, ಏನಾಯಿತೆಂದು ಬರೆದಿಟ್ಟಿದ್ದರಿಂದ.

ಅಶ್ವಗಂಧಕ್ಕೆ, ನಮ್ಮ ಹಿರೇಮದ್ದಿನ ಗಿಡಕ್ಕೆ, ಇರುವ ಸಾಕ್ಷ್ಯ ಇದಕ್ಕಿಂತ ತೆಳು. ಇಲ್ಲವೇ ಇಲ್ಲ ಎನ್ನುವಂತಿಲ್ಲ. ಹೆಚ್ಚು ಉಲ್ಲೇಖಗೊಳ್ಳುವುದು ಹೈದರಾಬಾದಿನಲ್ಲಿ ನಡೆದು 2012ರಲ್ಲಿ ಪ್ರಕಟವಾದ ಪ್ರಯೋಗ. ಬಹುಕಾಲದ ಒತ್ತಡವಿದ್ದ 64 ಮಂದಿಯಲ್ಲಿ ಒಂದು ಗುಂಪಿಗೆ ಬೇರಿನ ಸಾರ 300 ಮಿಲಿಗ್ರಾಂನಂತೆ ದಿನಕ್ಕೆರಡು ಬಾರಿ, ಇನ್ನೊಂದಕ್ಕೆ ಔಷಧವಿಲ್ಲದ ಹುಸಿಮಾತ್ರೆ, 60 ದಿನ. ಸಾರ ಸೇವಿಸಿದವರ ಒತ್ತಡದ ಅಂಕಗಳು ಇಳಿದವು, ರಕ್ತದಲ್ಲಿನ ಒತ್ತಡದ ಹಾರ್ಮೋನು ಕಾರ್ಟಿಸಾಲ್ ಸುಮಾರು ಶೇಕಡಾ 28ರಷ್ಟು ತಗ್ಗಿತು. ಆಮೇಲಿನ ಪ್ರಯೋಗಗಳೂ ಬಹುಪಾಲು ಇದೇ ದಿಕ್ಕಿನವು, ಇಷ್ಟೇ ಚಿಕ್ಕವು, ಎರಡು ಮೂರು ತಿಂಗಳಿಗೆ ಮುಗಿಯುವಂಥವು. ಆತಂಕ ತಾನಾಗಿ ಏರಿ ಇಳಿಯುವ ಸ್ವಭಾವದ್ದು. ಜನ ಮದ್ದು ಹುಡುಕುವುದು ಅದು ತುತ್ತತುದಿಗೇರಿದಾಗ. ಹಾಗಾಗಿ ಹುಸಿಮಾತ್ರೆ ನುಂಗಿದವರೂ ಸಾಕಷ್ಟು ಸುಧಾರಿಸುತ್ತಾರೆ. ಇಂಥ ಕಾಯಿಲೆಯಲ್ಲಿ ಅರವತ್ತೆಪ್ಪತ್ತು ಜನರ ಪರೀಕ್ಷೆಯಿಂದ ಆಸೆ ಹುಟ್ಟಬಹುದು, ತೀರ್ಮಾನ ಹುಟ್ಟದು. ಮೆಗ್ನೀಸಿಯಂ, ಮೀನೆಣ್ಣೆಯ ಒಮೆಗಾ-3 ಇವುಗಳ ಸ್ಥಿತಿಯೂ ಹೆಚ್ಚುಕಡಿಮೆ ಹೀಗೆಯೇ. ಲ್ಯಾವೆಂಡರ್ ಎಣ್ಣೆಯ 80 ಮಿಲಿಗ್ರಾಂ ಕ್ಯಾಪ್ಸೂಲ್ ಮಾತ್ರ ಒಂದು ಹೆಜ್ಜೆ ಮುಂದಿದೆ. ಜರ್ಮನಿಯಲ್ಲಿ ಅದಕ್ಕೆ ಪರವಾನಗಿ ಸಿಕ್ಕಿರುವುದು ಔಷಧವಾಗಿ, ಆಹಾರವಾಗಿ ಅಲ್ಲ ಎಂಬುದನ್ನು ಗಮನಿಸಬೇಕು.

ಇನ್ನು ಕೇಡಿನ ಕಡೆ. ಪೆಸಿಫಿಕ್ ದ್ವೀಪಗಳ ಜನ ತಲೆಮಾರುಗಳಿಂದ ಕುಡಿಯುವ ಕಾವಾ ಬೇರು ಯುರೋಪಿನಲ್ಲಿ ಆತಂಕದ ಕ್ಯಾಪ್ಸೂಲ್ ಆಯಿತು. ಲಿವರ್ ಕೆಟ್ಟ ಪ್ರಕರಣಗಳು ಬಂದು 2002ರಲ್ಲಿ ಜರ್ಮನಿ ಅದನ್ನು ಹಿಂತೆಗೆಸಿತು. ನ್ಯಾಯಾಲಯ ಆ ಆದೇಶವನ್ನು 2014ರಲ್ಲಿ ತಳ್ಳಿಹಾಕಿತು, ನಿಜ. ಆದರೆ 2020ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಪ್ರಯೋಗದಲ್ಲಿ ಕಾವಾ ಹುಸಿಮಾತ್ರೆಯನ್ನು ಮೀರಿಸಲಿಲ್ಲ. ಲಿವರ್ ಪರೀಕ್ಷೆಯಲ್ಲಿ ಏರುಪೇರು ಕಂಡದ್ದೂ ಕಾವಾ ಗುಂಪಿನಲ್ಲೇ ಹೆಚ್ಚು. ಅಶ್ವಗಂಧದಿಂದ ಕಾಮಾಲೆಯಾದ ಐದು ಪ್ರಕರಣಗಳನ್ನು ಐಸ್‌ಲೆಂಡ್ ಮತ್ತು ಅಮೆರಿಕದ ವೈದ್ಯರು 2020ರಲ್ಲಿ ವರದಿ ಮಾಡಿದರು. ಭಾರತದಿಂದಲೂ ಅಂಥ ವರದಿಗಳು ಬಂದಿವೆ. ಅಪರೂಪದ ಅಪಾಯ, ಒಪ್ಪೋಣ. ಅದಕ್ಕಿಂತ ನನ್ನನ್ನು ಕಾಡುವುದು ಥೈರಾಯ್ಡ್. ಎದೆ ಡವಗುಟ್ಟುವುದು, ಕೈ ನಡುಗುವುದು, ಬೆವರು, ನಿದ್ದೆಗೇಡು: ಇವು ಆತಂಕದ ಲಕ್ಷಣಗಳು, ಥೈರಾಯ್ಡ್ ಮಿತಿಮೀರಿದಾಗಿನ ಲಕ್ಷಣಗಳೂ ಇವೇ. ಅಶ್ವಗಂಧ ಥೈರಾಯ್ಡ್ ಹಾರ್ಮೋನನ್ನು ಏರಿಸಬಲ್ಲದು. ರಕ್ತ ಪರೀಕ್ಷೆ ಮಾಡಿಸದೆ ಡಬ್ಬಿ ತಂದವರು ಉರಿಯುವ ಬೆಂಕಿಗೆ ತುಪ್ಪ ಸುರಿಯುತ್ತಿರಬಹುದು, ಅವರಿಗದು ಗೊತ್ತಾಗುವ ದಾರಿಯೇ ಇಲ್ಲ.

ಸಾವಿರಾರು ವರ್ಷಗಳಿಂದ ಬಳಸಿದ್ದಕ್ಕೆ ಇನ್ನೆಂಥ ಪ್ರಮಾಣಪತ್ರ ಎಂದು ಕೇಳುವವರಿದ್ದಾರೆ. ಪರಂಪರೆಯ ಮೇಲೆ ನನಗೂ ಗೌರವವಿದೆ, ಅದಕ್ಕೇ ಅದು ಹೇಳಿದ್ದನ್ನು ಪೂರ್ತಿ ಕೇಳಬೇಕೆನ್ನುತ್ತೇನೆ. ಚರಕಸಂಹಿತೆ ಮೇಧ್ಯ, ಅಂದರೆ ಬುದ್ಧಿಗೆ ಹಿತವಾದ, ರಸಾಯನಗಳೆಂದು ಎಣಿಸುವುದು ನಾಲ್ಕನ್ನು: ಮಂಡೂಕಪರ್ಣಿ, ಯಷ್ಟಿಮಧು, ಗುಡೂಚಿ, ಶಂಖಪುಷ್ಪಿ. ಈ ಪಟ್ಟಿಯಲ್ಲಿ ಅಶ್ವಗಂಧ ಇಲ್ಲ. ಅದರ ಹೆಸರು ಬರುವುದು ಬಲ, ಪುಷ್ಟಿ ಕೊಡುವ ದ್ರವ್ಯಗಳ ಜೊತೆ. ಆ ನಾಲ್ಕರಲ್ಲೂ ಒಂದನ್ನು ಹಸಿರಸವಾಗಿ, ಇನ್ನೊಂದನ್ನು ಹಾಲಿನೊಡನೆ ಚೂರ್ಣವಾಗಿ, ಮತ್ತೊಂದನ್ನು ಅರೆದ ಕಲ್ಕವಾಗಿ ಎಂದು ರೂಪವನ್ನೂ ಜೊತೆಗೆ ಸೇವಿಸುವ ಅನುಪಾನವನ್ನೂ ಗೊತ್ತುಪಡಿಸಿದೆ. ರೋಗಿಯ ಪ್ರಕೃತಿ, ಅಗ್ನಿ, ಕಾಲ ನೋಡಿ ಕೊಡುವ ಪಂಡಿತರೊಬ್ಬರು ಅಲ್ಲಿ ಇದ್ದೇ ಇರುತ್ತಾರೆ. ಮನಸ್ಸಿನ ತೊಂದರೆಗೆ ಮನಸ್ಸನ್ನು ಹಿಡಿತಕ್ಕೆ ತರುವ ಸತ್ತ್ವಾವಜಯವೆಂಬ ಬೇರೆ ಚಿಕಿತ್ಸೆಯನ್ನೇ ಆ ಗ್ರಂಥ ಹೇಳುತ್ತದೆ. ಅದು ಯಾವ ಡಬ್ಬಿಯಲ್ಲೂ ಸಿಗುವುದಿಲ್ಲ. ಇವತ್ತಿನ ಕ್ಯಾಪ್ಸೂಲಿನಲ್ಲಿರುವುದು ಹಲವು ಪಟ್ಟು ಸಾಂದ್ರಗೊಳಿಸಿದ ಸಾರ. ಕೆಲವರು ಬೇರಿನ ಬದಲು ಎಲೆಯನ್ನೂ ಬಳಸತೊಡಗಿದ್ದರಿಂದ ಆಯುಷ್ ಸಚಿವಾಲಯವೇ 2021ರಲ್ಲಿ ಎಲೆ ಬಳಸಬೇಡಿ ಎಂದು ಸೂಚಿಸಬೇಕಾಯಿತು. ಇನ್ನೊಂದು ಮಾತು. ತಿಂದೊಡನೆ ವಾಂತಿಯಾಗುವುದನ್ನು ಪರಂಪರೆ ಬೇಗ ಕಂಡುಹಿಡಿಯುತ್ತದೆ. ಸಾವಿರಾರು ಜನರಲ್ಲಿ ಒಬ್ಬರಿಗೆ, ಒಂದೆರಡು ತಿಂಗಳ ನಂತರ ಆಗುವ ಕಾಮಾಲೆಯನ್ನು ಬೇರಿಗೆ ಗಂಟುಹಾಕಲು ದಾಖಲೆಗಳೇ ಬೇಕು.

ಡಾಕ್ಟರು ಕೊಡುವ ಮಾತ್ರೆಗಳೇನು ಸಾಚಾವೇ ಎಂಬ ಪ್ರಶ್ನೆಗೆ ಅಲ್ಲ ಎಂದೇ ಉತ್ತರ. ಆತಂಕ ಇಳಿಸುವ ಆಲ್ಪ್ರಜೋಲಾಂನಂಥವು ಬಲುಬೇಗ ಚಟ ಹಿಡಿಸುತ್ತವೆ. ಅವನ್ನು ಸಲೀಸಾಗಿ ಬರೆದುಕೊಡುವ ವೈದ್ಯರ ಬಗ್ಗೆ ಇನ್ನೊಂದು ಉಪನ್ಯಾಸವನ್ನೇ ಮಾಡಬಹುದು. ಆದರೆ ಆ ಕೇಡು ನಮಗೆ ಗೊತ್ತಿರುವುದು ಅವು ಔಷಧವೆಂಬ ಲೆಕ್ಕದಲ್ಲಿ ಇರುವುದರಿಂದ. ಅಶ್ವಗಂಧಕ್ಕೂ ಅದೇ ಕಟ್ಟಲೆ ಇರಲಿ ಎಂದರೆ ಅವಮಾನವಾಗುವುದಿಲ್ಲ.

ಕೊರತೆಯನ್ನು ತುಂಬುವ ಪೂರಕದ ಮಾತು ಬೇರೆ. ನಮ್ಮ ಸಸ್ಯಾಹಾರಿ ಮನೆಗಳಲ್ಲಿ, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಅನ್ನೋ ಅಸಿಡಿಟಿಗೆ ಮಾತ್ರೆಯನ್ನೋ ವರ್ಷಗಟ್ಟಲೆ ನುಂಗುವವರಲ್ಲಿ, ವಿಟಮಿನ್ ಬಿ12 ಕಡಿಮೆಯಾಗುವುದು ಸಾಮಾನ್ಯ. ಅದರಿಂದ ಮಂಕು, ಕಿರಿಕಿರಿ, ಮರೆವು, ಕಳವಳ ಹುಟ್ಟಬಲ್ಲವು. ಪರೀಕ್ಷೆಯಲ್ಲಿ ಕೊರತೆ ಕಂಡರೆ ಬಿ12 ಕೊಡುವುದೇ ಸರಿಯಾದ ಚಿಕಿತ್ಸೆ. ಕೊರತೆಯಿಲ್ಲದವರು ಅದನ್ನೇ ನುಂಗಿ ಧೈರ್ಯ ಬರಲಿ ಎಂದು ಕಾಯುವುದರಲ್ಲಿ ಹುರುಳಿಲ್ಲ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಬಡವರ ಕಡೆಯಿಂದ ಬರುತ್ತದೆ: ಮನೋವೈದ್ಯರು ಎಲ್ಲಿದ್ದಾರೆ? ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಆತಂಕ, ಖಿನ್ನತೆಯಂಥ ಸಾಮಾನ್ಯ ಕಾಯಿಲೆಗಳಿದ್ದವರಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಮಂದಿಗೆ ಚಿಕಿತ್ಸೆ ದಕ್ಕಿರಲಿಲ್ಲ. ಮನೋರೋಗ ವಿಭಾಗದ ಮುಂದೆ ಕೂರಲು ಹಿಂಜರಿಯುವವರಿಗೆ ಡಬ್ಬಿಯೊಂದು ಮರ್ಯಾದೆ ಉಳಿಸುವ ದಾರಿಯಾಗಿ ಕಂಡರೆ ತಪ್ಪೆನ್ನಲಾರೆ. ಆದರೆ ತಿಂಗಳಿಗೆ ನೂರಾರು ರೂಪಾಯಿಯ ಡಬ್ಬಿ ಬಡವರ ಮದ್ದು ಹೇಗಾದೀತು? ಮನೋವೈದ್ಯರ ಕೊರತೆಗೆ ಬೇರೆ ಉತ್ತರವೊಂದನ್ನು ನಮ್ಮ ನಾಡೇ ಕಂಡುಕೊಂಡಿತ್ತು. 1985ರಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಸಿಬ್ಬಂದಿಗೂ ಮಾನಸಿಕ ಕಾಯಿಲೆ ಗುರುತಿಸಿ ಚಿಕಿತ್ಸೆ ಕೊಡುವ ತರಬೇತಿ ಕೊಟ್ಟಿತು. 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬೆಳೆದದ್ದು ಆ ಮಾದರಿಯ ಮೇಲೆ. ಜ್ವರಕ್ಕೂ ಕೆಮ್ಮಿಗೂ ಹೋಗುವ ಬಾಗಿಲಿಗೇ ಕಳವಳಕ್ಕೂ ಹೋಗಬಹುದಾದರೆ ಮರ್ಯಾದೆಯ ಪ್ರಶ್ನೆ ಅರ್ಧ ಕರಗುತ್ತದೆ. ಆ ಬಾಗಿಲಲ್ಲಿ ಕೂತ ವೈದ್ಯರು ತಪ್ಪದೆ ಕೇಳಬೇಕಾದ ಪ್ರಶ್ನೆಯೊಂದಿದೆ. ಬೇರೆ ಔಷಧ ಸೇವಿಸುತ್ತಿದ್ದೀರಾ ಎಂದರೆ ಹೆಚ್ಚಿನವರು ಇಲ್ಲ ಎನ್ನುತ್ತಾರೆ. ಅವರ ಪಾಲಿಗೆ ಅಶ್ವಗಂಧ ಔಷಧವೇ ಅಲ್ಲವಲ್ಲ. ಪುಡಿ, ಕಷಾಯ, ಲೇಹ್ಯ, ಕ್ಯಾಪ್ಸೂಲ್ ಏನಾದರೂ ಇದೆಯೇ ಎಂದು ಒಂದೊಂದೇ ಹೆಸರು ಹಿಡಿದು ಕೇಳಬೇಕು. ಬಸುರಿಯರನ್ನು, ಥೈರಾಯ್ಡ್ ಅಥವಾ ನಿದ್ದೆಯ ಮಾತ್ರೆ ಸೇವಿಸುವವರನ್ನು ಎರಡು ಸಲ ಕೇಳಬೇಕು, ಉತ್ತರವನ್ನು ಚೀಟಿಯಲ್ಲಿ ಮಾತ್ರೆಗಳ ಸಾಲಿನಲ್ಲೇ ಬರೆಯಬೇಕು.