ಬೆಳೆಯೂ ಭೂಮಿಯ ಉಸಿರೂ



ನಾಡಹಬ್ಬದ ಈ ದಿನ ವಿಜ್ಞಾನದ ಬಗೆಗೂ ನಾಲ್ಕು ಮಾತು ಆಗಲೆಂದು ಸಂಘದವರು ನಮಗೆ ಅಪ್ಪಣೆ ಮಾಡಿರುವರು. ಭೂಮಿಯೂ ಉಸಿರಾಡುತ್ತದೆಂದರೆ ಅದು ಬರಿಯ ಕವಿಗಳ ಮಾತಲ್ಲ. ಅಳೆದು ಕಂಡ ಸಂಗತಿ.

ಅಮೆರಿಕದ ವಿಜ್ಞಾನಿ ಚಾರ್ಲ್ಸ್ ಡೇವಿಡ್ ಕೀಲಿಂಗ್ ಅವರು 1958ರಲ್ಲಿ ಹವಾಯಿ ದ್ವೀಪದ ಮೌನಾ ಲೋವಾ ಪರ್ವತದಲ್ಲಿ, ಕಾರ್ಬನ್ ಡೈಆಕ್ಸೈಡ್ ಎಂಬ ಇಂಗಾಲಾಮ್ಲ ವಾಯುವನ್ನು ಅಳೆಯತೊಡಗಿದರು. ಅದು ಪ್ರತಿ ವರ್ಷ ಮೇ ತಿಂಗಳಿಗೆ ಏರಿ ಸೆಪ್ಟೆಂಬರಿನ ಹೊತ್ತಿಗೆ ಇಳಿಯುತ್ತಿತ್ತು. ಕಾರಣ ಸರಳವಾದದ್ದು. ಲೋಕದ ನೆಲದಲ್ಲಿ ಹೆಚ್ಚಿನ ಪಾಲು ಉತ್ತರಾರ್ಧಗೋಳದಲ್ಲಿದೆ. ಅಲ್ಲಿಯ ಸಸ್ಯಗಳು ಬೇಸಗೆಯಲ್ಲಿ ಬೆಳೆಯುತ್ತ ಈ ವಾಯುವನ್ನು ಹೀರುತ್ತವೆ. ಚಳಿಗಾಲದಲ್ಲಿ ಉದುರಿದ ಎಲೆ ಕೊಳೆತು ಅದನ್ನು ಮರಳಿಸುತ್ತದೆ.

ಈ ಏರಿಳಿತವೇ ಈಗ ದೊಡ್ಡದಾಗಿದೆ. 1958-61ರಲ್ಲಿಯೂ 2009-11ರಲ್ಲಿಯೂ ವಿಮಾನಗಳಿಂದ ಅಳೆದು ಹೋಲಿಸಿದಾಗ, ಉತ್ತರದ ಶೀತಪ್ರದೇಶಗಳ ಮೇಲೆ ಅದು ಸುಮಾರು ಒಂದೂವರೆ ಪಟ್ಟಾಗಿರುವುದು ತಿಳಿದುಬಂತು. ಚಳಿನಾಡುಗಳು ಬೆಚ್ಚಗಾದದ್ದು ಒಂದು ಕಾರಣ. ಇನ್ನೊಂದು, ಒಕ್ಕಲುತನ. ಮೆಕ್ಕೆಜೋಳ, ಗೋಧಿ, ಭತ್ತ, ಸೋಯಾ ಬೆಳೆಗಳು ಈ ಹೆಚ್ಚಳದ ಕಾಲುಭಾಗದವರೆಗೂ ಹೊಣೆಯಾಗಿರಬಹುದೆಂದು 2014ರ ಒಂದು ಅಧ್ಯಯನ ಲೆಕ್ಕಹಾಕಿತು. ಅದರಲ್ಲಿ ಮೆಕ್ಕೆಜೋಳದ ಪಾಲೇ ದೊಡ್ಡದು. ಅಮೆರಿಕದ ಮಧ್ಯಪಶ್ಚಿಮದ ಹೊಲಗಳೂ ಉತ್ತರ ಚೀನದ ಬಯಲೂ ಮುಖ್ಯವಾದುವು. ಉಳುವ ನೆಲ ಬೆಳೆದದ್ದು ಅಲ್ಪ. ಹೈಬ್ರಿಡ್ ಬೀಜ, ರಾಸಾಯನಿಕ ಗೊಬ್ಬರ, ನೀರಾವರಿಗಳಿಂದ ಎಕರೆಯ ಇಳುವರಿ ಬೆಳೆದದ್ದು ಬಹಳ.

ಹಾಗಾದರೆ ಹೊಲಗಳು ಗಾಳಿಯನ್ನು ಶುದ್ಧಿ ಮಾಡುತ್ತಿವೆಯಲ್ಲವೆ ಎಂದು ಕೆಲವರು ಕೇಳಬಹುದು. ಇಲ್ಲಿಯೇ ನಾವು ಎಚ್ಚರದಿಂದಿರಬೇಕು. ತೇಗದ ಮರ ಹೀರಿದ ಇಂಗಾಲವನ್ನು ತಲೆಮಾರುಗಳ ಕಾಲ ಕಾಪಾಡುತ್ತದೆ. ಬೆಳೆಯದಾದರೋ ಕೈಗಡದ ವ್ಯವಹಾರ. ಕಾಳು ನಮ್ಮ ಹೊಟ್ಟೆಯಲ್ಲಿಯೂ ದನಗಳ ಹೊಟ್ಟೆಯಲ್ಲಿಯೂ ಅರಗಿ ಉಸಿರಾಗುತ್ತದೆ. ಹುಲ್ಲು, ಕೂಳೆಗಳು ಕೊಳೆತೋ ಉರಿದೋ ಗಾಳಿಗೆ ಸೇರುತ್ತವೆ. ಬೇಸಗೆಯಲ್ಲಿ ಪಡೆದ ಸಾಲ ಬಹುಮಟ್ಟಿಗೆ ಮುಂದಿನ ಬೇಸಗೆಯೊಳಗೆ ತೀರಿತು! ಉಸಿರು ಆಳವಾಯಿತು, ಉಳಿತಾಯವಾಗಲಿಲ್ಲ.

ಈ ಏರಿಳಿತದ ಕೆಳಗೆ ಸರಾಸರಿಯ ಮಟ್ಟ ಏರುತ್ತಲೇ ಇದೆ. 1958ರಲ್ಲಿ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಸುಮಾರು 315 ಪಾಲಿದ್ದ ಈ ವಾಯು 2024ರಲ್ಲಿ 420ನ್ನು ದಾಟಿತು. ಇದಕ್ಕೆ ಮುಖ್ಯ ಕಾರಣ ಹೊಲದ ಪೈರಲ್ಲ, ನಾವು ಸುಡುವ ಕಲ್ಲಿದ್ದಲು ಮತ್ತು ಎಣ್ಣೆ. ಹಸುರು ಹೆಚ್ಚಿತೆಂದು ಹೊಗೆಯನ್ನು ಮರೆಯುವುದು ಸಲ್ಲದು.

ಹಸಿದ ಲೋಕಕ್ಕೆ ಅನ್ನವಿಕ್ಕಲು ಹೊರಟ ಒಕ್ಕಲಿಗನ ಗುರುತು ಆಕಾಶದಲ್ಲಿಯೂ ಮೂಡಿತು. ಮನುಷ್ಯನ ಕೈ ಅಷ್ಟು ದೊಡ್ಡದಾಗಿದೆ. ಹೊಣೆಯೂ ಅಷ್ಟೇ ದೊಡ್ಡದೆಂದು ತಿಳಿಯೋಣ.